‘ವರುಮ್’ ಎಂದು ಕೇಳುವವರು

ಪರದೇಶದ ಭಾಷೆಯೊಂದನ್ನು ತಾವಾಗಿಯೇ ಕಲಿಯುತ್ತಿರುವ ವಿದ್ಯಾರ್ಥಿಗಳನ್ನು ‘ಹೇಗೆ ಕಲಿಯುತ್ತಿದ್ದೀರಿ’ ಎಂದು ಕೇಳಿದರೆ ಉತ್ತರ ಪಟ್ಟಿಯಾಗಿ ಬರುತ್ತದೆ. ಈ ಆ್ಯಪ್, ಆ ಯೂಟ್ಯೂಬ್ ಚಾನೆಲ್, ಟೆಲಿಗ್ರಾಂ ಗುಂಪಿನಲ್ಲಿ ಯಾರೋ ಹಾಕಿದ ಪಿಡಿಎಫ್, ಹಾಸ್ಟೆಲ್ ಖಾಲಿ ಮಾಡುವಾಗ ಹಿರಿಯ ವಿದ್ಯಾರ್ಥಿನಿ ಬಿಟ್ಟುಹೋದ ಹಳೆಯ ಪುಸ್ತಕ. ‘ಯಾರ ಜೊತೆ ಕಲಿಯುತ್ತಿದ್ದೀರಿ’ ಎಂದು ಕೇಳಿದರೆ ಮಾತ್ರ ತಡವರಿಸುತ್ತಾರೆ. ನಾನೇ ಕಲಿಯುತ್ತಿದ್ದೇನಲ್ಲ, ಜೊತೆಗೆ ಯಾಕೆ ಯಾರಾದರೂ ಇರಬೇಕು ಎಂಬ ಭಾವ ಮುಖದಲ್ಲಿ. ಈ ಎರಡನೆಯ ಪ್ರಶ್ನೆಯೇ ನನ್ನ ತಲೆಯನ್ನು ಬಹಳ ದಿನದಿಂದ ಕೊರೆಯುತ್ತಿದೆ. ಸ್ವಂತ ಕಲಿಕೆ ಎಂಬುದರಲ್ಲಿ ‘ಸ್ವಂತ’ ಎಷ್ಟು, ಒಂಟಿತನ ಎಷ್ಟು ಎಂದು ಬಿಡಿಸಿ ನೋಡುವ ಆಸೆ.

ನಮ್ಮದು ಮೈಸೂರಿನಲ್ಲಿ ಸ್ನಾತಕೋತ್ತರ ಪದವಿ ಓದುತ್ತಿರುವ ಕೆಲವರ ಸಡಿಲವಾದ ಗುಂಪು. ಸಂಜೆ ಕುಕ್ಕರಹಳ್ಳಿ ಕೆರೆಯ ಏರಿಯ ಮೇಲೆ ಒಂದು ಸುತ್ತು ಹಾಕುವುದು, ಹಾಕುತ್ತಾ ಹರಟುವುದು, ಅಷ್ಟೇ ಅದರ ಕಾರ್ಯಕಲಾಪ. ನನ್ನ ವಿಷಯ ಭೌತಶಾಸ್ತ್ರ, ಹಿಡಿದಿರುವ ಭಾಷೆ ಜಪಾನಿ. ನನ್ನ ರೂಮಿನ ಗೆಳತಿ ಜೀವರಸಾಯನ ಶಾಸ್ತ್ರದವಳು, ಮುಂದಿನ ಓದಿಗೆ ಜರ್ಮನಿಗೆ ಹೋಗುವ ಹಟದಲ್ಲಿ ಜರ್ಮನ್ ಓದುತ್ತಿದ್ದಾಳೆ. ಪಕ್ಕದ ರೂಮಿನ ಕೊಳ್ಳೇಗಾಲದವಳು ಧಾರಾವಾಹಿಗಳ ಬೆನ್ನು ಹತ್ತಿ ಕೊರಿಯನ್ ಕಡೆಗೆ ಹೋದವಳು. ಬೀದರಿನ ಹುಡುಗನೊಬ್ಬ ಫ್ರೆಂಚ್ ಶುರು ಮಾಡಿದ್ದ. ಇನ್ನೊಬ್ಬಳು ಶಿರಸಿಯ ಕಡೆಯವಳು, ಕನ್ನಡ ಎಂ.ಎ. ಅವಳು ಯಾವ ಪರಭಾಷೆಯ ಗೋಜಿಗೂ ಹೋದವಳಲ್ಲ. ನಮ್ಮನ್ನೆಲ್ಲ ನೋಡಿ ನಗುವುದಕ್ಕೆಂದೇ ಜೊತೆಯಲ್ಲಿರುವವಳು. ನಮ್ಮನ್ನು ‘ಏಕಲವ್ಯರು’ ಎಂದು ಕರೆಯುತ್ತಾಳೆ. ಒಮ್ಮೆ ಮಾತಿಗೆ ಮಾತು ಬೆಳೆದಾಗ, ‘ಏಕಲವ್ಯನಾದರೂ ಎದುರಿಗೆ ಮಣ್ಣಿನದೊಂದು ಮುಖ ಇಟ್ಟುಕೊಂಡಿದ್ದ, ನಿಮಗೆ ಅದೂ ಇಲ್ಲವಲ್ಲ ಕಣೇ’ ಎಂದಳು. ನಗುತ್ತಾ ಹೇಳಿದ್ದೇ ಆದರೂ ಆ ಮಾತು ತಾಗಿತು.

ಐದು ಕೆಲಸಗಳಲ್ಲಿ ನಮ್ಮ ಪಾಲು

ಕಲಿಯುವವನೇ ತನ್ನ ಕಲಿಕೆಯ ಚುಕ್ಕಾಣಿ ಹಿಡಿಯಬೇಕು ಎಂಬ ವಿಚಾರ ಆ್ಯಪ್‌ಗಳಿಗಿಂತ ಎಷ್ಟೋ ಹಳೆಯದು. ಫ್ರಾನ್ಸಿನ ನಾನ್ಸಿ ವಿಶ್ವವಿದ್ಯಾಲಯದಲ್ಲಿ ಕ್ರಪೆಲ್ ಎಂಬ ಭಾಷಾ ಕಲಿಕೆಯ ಸಂಶೋಧನ ಕೇಂದ್ರವಿತ್ತು. ಅಲ್ಲಿನ ಆನ್ರಿ ಹೋಲೆಕ್ ಅವರು ಯುರೋಪಿನ ದೇಶಗಳ ಸಂಘಟನೆಯಾದ ಕೌನ್ಸಿಲ್ ಆಫ್ ಯುರೋಪ್‌ಗಾಗಿ ಬರೆದ ವರದಿಯೊಂದು 1981ರಲ್ಲಿ ಪ್ರಕಟವಾಯಿತು. ಈ ವಿಷಯದ ಬಗ್ಗೆ ಯಾರು ಏನೇ ಬರೆದರೂ ಅದನ್ನು ಒಮ್ಮೆ ಮುಟ್ಟಿಯೇ ಮುಂದೆ ಹೋಗುತ್ತಾರೆ. ತನ್ನ ಕಲಿಕೆಯ ಹೊಣೆ ಹೊರುವವನ ತಲೆಯ ಮೇಲೆ ಐದು ಕೆಲಸಗಳಿವೆ ಎನ್ನುತ್ತದೆ ಅದು. ಗುರಿಯನ್ನು ಗೊತ್ತುಮಾಡಬೇಕು, ಏನನ್ನು ಯಾವ ಕ್ರಮದಲ್ಲಿ ಕಲಿಯಬೇಕೆಂದು ತೀರ್ಮಾನಿಸಬೇಕು, ವಿಧಾನವನ್ನು ಆರಿಸಿಕೊಳ್ಳಬೇಕು, ಕಲಿಕೆ ಸಾಗುತ್ತಿರುವ ಬಗೆಯ ಮೇಲೆ ಕಣ್ಣಿಡಬೇಕು, ಕಲಿತದ್ದೆಷ್ಟೆಂದು ಅಳೆದುಕೊಳ್ಳಬೇಕು.

ಕೆರೆ ಏರಿಯ ಮೇಲೆ ಒಂದು ಸಂಜೆ ಈ ಐದನ್ನೂ ನಮ್ಮ ಮೇಲೆ ಒಡ್ಡಿ ನೋಡಿದೆವು. ಗುರಿ? ರೂಮಿನ ಗೆಳತಿಯ ಗುರಿಯನ್ನು ಗೊತ್ತುಮಾಡಿದ್ದು ಜರ್ಮನಿಯಿಂದ ವಾಪಸಾದ ಸೋದರಮಾವನ ಮಗ. ‘ಬಿ1 ಇದ್ದರೆ ಒಳ್ಳೆಯದು’ ಎಂದು ಅವನು ಅಂದಿದ್ದೇ ವೇದವಾಕ್ಯ. ಭಾಷೆ ನಡುಮಟ್ಟಕ್ಕೆ ಬಂದಿದೆ ಎನ್ನುವ ಗುರುತು ಅದು. ಕ್ರಮ? ಅದನ್ನು ಆ್ಯಪ್ ಹಾಕಿಕೊಟ್ಟಿದೆ. ಹಣ್ಣುಗಳ ಹೆಸರು ಮುಗಿಯದೆ ಬಣ್ಣಗಳ ಹೆಸರಿಗೆ ಬಿಡುವುದಿಲ್ಲ. ಕಣ್ಣಿಡುವ ಕೆಲಸವೂ ಆ್ಯಪಿನದೇ. ಅಳೆಯುವುದನ್ನು ಪರೀಕ್ಷೆಯವರಿಗೆ ವಹಿಸಿಯಾಗಿದೆ. ಉಳಿದದ್ದು ನಡುವಿನ ಒಂದೇ ಒಂದು, ವಿಧಾನ ಆರಿಸುವುದು. ಅದರಲ್ಲಿ ಮಾತ್ರ ನಮ್ಮ ಉತ್ಸಾಹಕ್ಕೆ ಮಿತಿಯಿಲ್ಲ. ಯಾವ ಆ್ಯಪ್ ಒಳ್ಳೆಯದು, ಯಾವ ಚಾನೆಲಿನ ಮೇಡಂ ಚೆನ್ನಾಗಿ ಹೇಳಿಕೊಡುತ್ತಾರೆ, ಶಬ್ದಗಳನ್ನು ನೆನಪಿಡುವ ಕಾರ್ಡುಗಳನ್ನು ನಾವೇ ಮಾಡಿಕೊಳ್ಳಬೇಕೋ ಸಿದ್ಧವಾದವನ್ನು ಇಳಿಸಿಕೊಳ್ಳಬೇಕೋ ಎಂದು ಗಂಟೆಗಟ್ಟಲೆ ಚರ್ಚೆ. ಅಡುಗೆಗೆ ಕೂರುವ ಬದಲು ಪಾತ್ರೆ ಅಂಗಡಿಯಲ್ಲೇ ದಿನ ಕಳೆದ ಹಾಗೆ.

ಇದರಲ್ಲೊಂದು ವಿಚಿತ್ರವಿದೆ. ನಾವೆಲ್ಲ ಜಪ ಮಾಡುವ ಎ1, ಎ2, ಬಿ1, ಬಿ2 ಎಂಬ ಮಟ್ಟಗಳಿವೆಯಲ್ಲ, ಅವುಗಳ ಚೌಕಟ್ಟನ್ನು 2001ರಲ್ಲಿ ಹೊರತಂದದ್ದೂ ಅದೇ ಕೌನ್ಸಿಲ್ ಆಫ್ ಯುರೋಪ್. ಆ ಚೌಕಟ್ಟಿನಲ್ಲಿ ಕಲಿಯುವವರು ತಮ್ಮನ್ನು ತಾವೇ ಅಳೆದುಕೊಳ್ಳುವುದಕ್ಕೆಂದು ಒಂದು ಕೋಷ್ಟಕವಿದೆ. ‘ನಾನು ಇಂಥದ್ದನ್ನು ಮಾಡಬಲ್ಲೆ’ ಎಂದು ಉತ್ತಮಪುರುಷದಲ್ಲಿಯೇ ಬರೆದ ವಾಕ್ಯಗಳು ಅವು: ಪರಿಚಿತ ವಿಷಯದ ಬಗ್ಗೆ ಸಿದ್ಧತೆಯಿಲ್ಲದೆ ಮಾತಿಗೆ ಸೇರಬಲ್ಲೆ, ನನ್ನ ಅಭಿಪ್ರಾಯಕ್ಕೆ ಕಾರಣ ಕೊಡಬಲ್ಲೆ, ಹೀಗೆ. ಪೇಟೆ ಅದರಿಂದ ಅಕ್ಷರ ಮತ್ತು ಅಂಕಿಯನ್ನು ಎತ್ತಿಕೊಂಡು ಕೋಷ್ಟಕವನ್ನು ಹಿಂದೆ ಬಿಟ್ಟಿತು. ಈಗ ‘ಮೂರು ತಿಂಗಳಲ್ಲಿ ಬಿ1’ ಎಂಬ ಜಾಹೀರಾತು ಗೋಡೆಗೋಡೆಯ ಮೇಲಿದೆ. ‘ನಾನು ಏನು ಮಾಡಬಲ್ಲೆ’ ಎಂದು ಕೂತು ಟಿಕ್ ಹಾಕಿಕೊಂಡವರು ನಮ್ಮ ಗುಂಪಿನಲ್ಲಿ ಅಲ್ಲಿಯತನಕ ಒಬ್ಬರೂ ಇರಲಿಲ್ಲ.

ಆ್ಯಪ್ ಕಣ್ಣಿಡುವ ಬಗೆಯನ್ನು ನೋಡಬೇಕಾದರೆ ಒಂದು ಮದುವೆಮನೆಗೆ ಬರಬೇಕು. ಹೋದ ವರ್ಷ ರೂಮಿನ ಗೆಳತಿಯ ಅಕ್ಕನ ಮದುವೆ. ಹಿಂದಿನ ರಾತ್ರಿ ಛತ್ರದಲ್ಲಿ ಎಲ್ಲರೂ ಜಮಖಾನದ ಮೇಲೆ ಉರುಳಿಕೊಂಡಿದ್ದೇವೆ, ಕೈಗೆ ಹಾಕಿದ ಮೆಹಂದಿ ಇನ್ನೂ ಒಣಗಿಲ್ಲ. ಹನ್ನೆರಡು ಹೊಡೆಯಲು ಇನ್ನೇನು ಸ್ವಲ್ಪ ಹೊತ್ತಿದೆ ಎನ್ನುವಾಗ ಇವಳು ಧಡಕ್ಕನೆ ಎದ್ದು ಕೂತು, ‘ಸರಣಿ ಮುರಿಯುತ್ತದೆ, ನೀನು ಒತ್ತು’ ಎಂದು ಮೊಬೈಲನ್ನು ನನ್ನ ಕೈಗೆ ತುರುಕಿದಳು. ಒಂದು ದಿನವೂ ತಪ್ಪದೆ ಪಾಠ ಮಾಡಿದ ದಿನಗಳನ್ನು ಆ್ಯಪ್ ಎಣಿಸುವ ಲೆಕ್ಕವೇ ಈ ಸರಣಿ. ಅವಳು ಉತ್ತರ ಹೇಳುವುದು, ನಾನು ಒತ್ತುವುದು. ಕಣ್ಣು ಮುಚ್ಚಿಕೊಂಡೇ ಹೇಳುತ್ತಿದ್ದಳು, ಎಲ್ಲವೂ ಸರಿ. ಏಕೆಂದರೆ ತಪ್ಪಾಗದಿರಲೆಂದು ಆರಿಸಿಕೊಂಡದ್ದು ಎಂದೋ ಮುಗಿಸಿದ ಹಳೆಯ ಪಾಠ. ಸರಣಿ ಉಳಿಯಿತು, ಗಂಟೆ ಹೊಡೆಯಿತು, ನಿದ್ದೆ ಬಂತು. ಇದನ್ನು ಹಾಸ್ಯಕ್ಕೆ ಹೇಳುತ್ತಿದ್ದೇನೆಯೇ ಹೊರತು ಅವಳನ್ನು ದೂರುವುದಕ್ಕಲ್ಲ. ಕಣ್ಣಿಡುವ ಕೆಲಸವನ್ನು ಬೇರೆಯವರಿಗೆ ಕೊಟ್ಟ ಮೇಲೆ ಅವರ ಕಣ್ಣಿಗೆ ಬೀಳುವ ಹಾಗೆ ನಡೆದುಕೊಳ್ಳುವುದು ಯಾರಿಗಾದರೂ ಸಹಜವೇ.

ಒಂಟಿಯಾಗಿ ಚೆನ್ನಾಗಿ ಆಗುವ ಕೆಲಸವೊಂದು ಇದ್ದೇ ಇದೆ: ನೆನಪಿಟ್ಟುಕೊಳ್ಳುವುದು. ಮರೆವು ಹೇಗೆ ಇಳಿಯುತ್ತಾ ಹೋಗುತ್ತದೆ ಎಂದು ಲೆಕ್ಕ ಹಾಕಿದ ಹರ್ಮನ್ ಎಬ್ಬಿಂಗ್‌ಹೌಸ್ 1885ರಲ್ಲಿ ಪ್ರಕಟಿಸಿದ ಪ್ರಯೋಗಗಳಲ್ಲಿ ಪರೀಕ್ಷಕನೂ ಅವನೇ, ಪರೀಕ್ಷೆಗೊಳಗಾದವನೂ ಅವನೇ. ಅರ್ಥವಿಲ್ಲದ ಅಕ್ಷರಗುಚ್ಛಗಳನ್ನು ಬಾಯಿಪಾಠ ಮಾಡಿ, ಬಿಟ್ಟು, ಮತ್ತೆ ಮಾಡಿ ನೋಡಿದ. ಇಂದಿನ ಆಂಕಿಯಂಥ ಕಾರ್ಡು ತಂತ್ರಾಂಶಗಳು, ಮರೆಯುವ ಹೊತ್ತಿಗೆ ಸರಿಯಾಗಿ ಮತ್ತೆ ಕೇಳುವ ಅವುಗಳ ಜಾಣತನ, ಎಲ್ಲದರ ಬೇರು ಅಲ್ಲಿದೆ. ಜಪಾನಿ ಬರಹದಲ್ಲಿ ಬಳಸುವ ಚೀನೀ ಮೂಲದ ಕಾಂಜಿ ಅಕ್ಷರಗಳು ನನಗೆ ಬಂದದ್ದೆಲ್ಲ ಆ ಕಾರ್ಡುಗಳ ಋಣ. ಆದರೆ ಎಬ್ಬಿಂಗ್‌ಹೌಸ್ ಆರಿಸಿಕೊಂಡದ್ದು ಅರ್ಥವಿಲ್ಲದ ಅಕ್ಷರಗಳನ್ನು ಎಂಬುದನ್ನೂ ಮರೆಯಬಾರದು. ಅವಕ್ಕೆ ಎದುರಾಡುವವರು ಬೇಕಿಲ್ಲ.

ಒಂದು ಶಬ್ದದ ಪರೀಕ್ಷಕಿ

ರೂಮಿನ ಗೆಳತಿ ಜರ್ಮನ್ ಕಲಿಸುವ ಗೋಥೆ ಸಂಸ್ಥೆಯ ಬಿ1 ಪರೀಕ್ಷೆಗೆ ಹೆಸರು ನೋಂದಾಯಿಸಿದ ಮೇಲೆ ನಮ್ಮ ರೂಮಿನ ಹವೆ ಬದಲಾಯಿತು. ಆ ಪರೀಕ್ಷೆಗೆ ಓದುವುದು, ಕೇಳುವುದು, ಬರೆಯುವುದು, ಮಾತನಾಡುವುದು ಎಂದು ನಾಲ್ಕು ಭಾಗ, ಪ್ರತಿಯೊಂದರಲ್ಲೂ ನೂರಕ್ಕೆ ಅರವತ್ತು ಬರಲೇಬೇಕು. ಮೊದಲ ಮೂರಕ್ಕೆ ಅವಳು ಹೆದರಲಿಲ್ಲ. ನಾಲ್ಕನೆಯದರಲ್ಲಿ ಸಾಮಾನ್ಯವಾಗಿ ಇಬ್ಬರು ಅಭ್ಯರ್ಥಿಗಳನ್ನು ಜೊತೆಗೆ ಕೂರಿಸುತ್ತಾರೆ. ಇಬ್ಬರೂ ಸೇರಿ ಏನನ್ನಾದರೂ ಯೋಜಿಸಬೇಕು, ಸಹಪಾಠಿಯ ಬೀಳ್ಕೊಡುಗೆಯೋ ಒಂದು ದಿನದ ಪ್ರವಾಸವೋ. ಆಮೇಲೆ ಒಂದು ವಿಷಯದ ಬಗ್ಗೆ ಮಾತನಾಡಬೇಕು, ಇನ್ನೊಬ್ಬರ ಮಾತು ಕೇಳಿ ಪ್ರಶ್ನೆ ಹಾಕಬೇಕು. ಯೋಜಿಸುವುದಕ್ಕೆ ಜೊತೆಗಾರರು ಬೇಕಲ್ಲ? ಹಾಸ್ಟೆಲಿನಲ್ಲಿ ಜರ್ಮನ್ ಬಲ್ಲವರು ಇನ್ನೊಬ್ಬರಿಲ್ಲ. ಕೊನೆಗೆ ನನ್ನನ್ನೇ ಎದುರಿಗೆ ಕೂರಿಸಿಕೊಂಡಳು.

ನನಗೆ ಬರುತ್ತಿದ್ದ ಜರ್ಮನ್ ಎಂದರೆ ‘ಯಾ’, ‘ನೈನ್’ ಅಷ್ಟೇ. ಅವಳು ಇನ್ನೊಂದು ಶಬ್ದ ಕಲಿಸಿದಳು, ‘ವರುಮ್’. ಯಾಕೆ ಎಂದು ಅರ್ಥ. ಬಾಗಿಲ ಬಳಿ ನಿಂತಿದ್ದ ಕೊಳ್ಳೇಗಾಲದವಳಿಗೆ ತಮಿಳು ಮನೆಮಾತಿನಷ್ಟೇ ಸಲೀಸು, ತಮಿಳಿನಲ್ಲಿ ‘ವರುಮ್’ ಎಂದರೆ ಬರುತ್ತದೆ ಎಂದು. ‘ಯಾರು ಬರುತ್ತಾರಂತೆ?’ ಎಂದು ಒಳಗೆ ಬಂದು ಕೂತಳು. ಸರಿ, ನಾಟಕ ಶುರುವಾಯಿತು. ಗೆಳತಿ ತಾನು ಬರೆದುಕೊಂಡಿದ್ದ ಚೀಟಿ ನೋಡಿಕೊಂಡು ಜರ್ಮನಿನಲ್ಲಿ ಏನೋ ಹೇಳಿದಳು, ಶನಿವಾರ ಪಾರ್ಟಿ ಮಾಡೋಣ ಎಂದಿರಬೇಕು. ನಾನು ‘ವರುಮ್?’ ಎಂದೆ. ಅವಳು ಚೀಟಿ ನೋಡಿದಳು. ಚೀಟಿಯಲ್ಲಿ ಅದಕ್ಕೆ ಉತ್ತರವಿರಲಿಲ್ಲ. ಸ್ವಲ್ಪ ಹೊತ್ತು ಮೇಲೆ ಫ್ಯಾನು ನೋಡಿ, ‘ವೈಲ್...’ ಎಂದು ಎಳೆದು, ಒಂದು ವಾಕ್ಯ ಕಟ್ಟಿದಳು. ನಾನು ಮತ್ತೆ ‘ವರುಮ್?’ ಎಂದೆ. ಅವಳ ಮುಖ ಕೆಂಪಾಯಿತು. ಇನ್ನೊಂದು ‘ವೈಲ್’, ಇನ್ನೊಂದು ವಾಕ್ಯ. ಜರ್ಮನಿನಲ್ಲಿ ಮುಖ್ಯ ವಾಕ್ಯದ ಕ್ರಿಯಾಪದ ಎರಡನೆಯ ಸ್ಥಾನದಲ್ಲಿ ಕೂರುತ್ತದೆ. ಆದರೆ ಕಾರಣ ಹೇಳುವ ಆ ‘ವೈಲ್’ ಬಂದ ಕೂಡಲೇ ಅದು ನಮ್ಮ ಕನ್ನಡದಲ್ಲಿರುವಂತೆ ವಾಕ್ಯದ ಕೊನೆಗೆ ಹೋಗಿ ನಿಲ್ಲಬೇಕು. ಪುಸ್ತಕದಲ್ಲಿ ಈ ನಿಯಮವನ್ನು ಅವಳು ಎಷ್ಟೋ ಸಲ ಓದಿದ್ದಳು, ಅಭ್ಯಾಸದ ಬಿಟ್ಟ ಸ್ಥಳಗಳನ್ನೆಲ್ಲ ಸರಿಯಾಗಿ ತುಂಬಿದ್ದಳು. ಈಗ ಅದು ಬಾಯಲ್ಲಿ ಬರಬೇಕಾಗಿತ್ತು. ಕ್ರಿಯಾಪದವನ್ನು ನಡುವೆಯೇ ಹೇಳಿಬಿಡುವುದು, ನಾಲಗೆ ಕಚ್ಚಿಕೊಳ್ಳುವುದು, ಹಿಂದಕ್ಕೆ ಹೋಗಿ ಎತ್ತಿ ತಂದು ಕೊನೆಗೆ ಇಡುವುದು. ಆ ರಾತ್ರಿ ಊಟದ ಗಂಟೆ ಹೊಡೆದದ್ದೂ ಮೂವರಿಗೂ ಕೇಳಿಸಲಿಲ್ಲ.

ನನ್ನನ್ನು ಬೆರಗಾಗಿಸಿದ್ದು ಇದು: ನಾನು ಅವಳಿಗೆ ಏನನ್ನೂ ಕಲಿಸಲಿಲ್ಲ, ಕಲಿಸುವುದಕ್ಕೆ ನನ್ನಲ್ಲಿ ಏನೂ ಇರಲಿಲ್ಲ. ಅವಳು ಹೇಳಿದ್ದು ಸರಿಯೋ ತಪ್ಪೋ ಎಂಬುದೂ ನನಗೆ ತಿಳಿಯದು. ವಿವರಿಸುವವರಿಗೆ ಇಂದು ಬರವಿಲ್ಲ. ಜರ್ಮನ್ ವ್ಯಾಕರಣದ ಯಾವ ಮೂಲೆಯನ್ನಾದರೂ ವಿವರಿಸುವ ವಿಡಿಯೋ ಮೊಬೈಲಿನಲ್ಲಿ ಕ್ಷಣದಲ್ಲಿ ಸಿಗುತ್ತದೆ. ಸಿಗದೇ ಇರುವುದು ಕಾಯುತ್ತಾ ಕೂರುವ ಒಂದು ಮುಖ. ಉತ್ತರ ಬರುವ ತನಕ ಎದ್ದು ಹೋಗದ, ಉತ್ತರ ಬಂದರೆ ಮತ್ತೊಂದು ಕೇಳುವ ಮುಖ. ಮೇಷ್ಟರು ಎಂದರೆ ವಿವರಿಸುವವರು ಎಂದುಕೊಂಡು ಅವರನ್ನು ಬಿಟ್ಟುಬಂದೆವು. ಅವರು ಮಾಡುತ್ತಿದ್ದ ಇನ್ನೊಂದು ಕೆಲಸ ಈ ‘ವರುಮ್’.

ಮಾತನಾಡದೆ ತೇರ್ಗಡೆ

ನನ್ನ ಪರೀಕ್ಷೆಯ ಕಥೆ ಬೇರೆ. ಜೆಎಲ್‌ಪಿಟಿ ಎಂಬ ಜಪಾನಿ ಭಾಷಾ ಸಾಮರ್ಥ್ಯ ಪರೀಕ್ಷೆ 1984ರಿಂದ ನಡೆಯುತ್ತಿದೆ. 2010ರಿಂದ ಅದಕ್ಕೆ ಎನ್5ರಿಂದ ಎನ್1ರ ತನಕ ಐದು ಮಟ್ಟ. ಬೆಂಗಳೂರಿನಲ್ಲಿಯೂ ಕೇಂದ್ರವಿದೆ. ಶಬ್ದ, ವ್ಯಾಕರಣ, ಓದು, ಆಲಿಸುವಿಕೆ ಇಷ್ಟನ್ನು ನೋಡುತ್ತಾರೆ. ಎನ್4ಕ್ಕೆ ಒಟ್ಟು 180 ಅಂಕ, ತೇರ್ಗಡೆಗೆ 90, ಜೊತೆಗೆ ಆಲಿಸುವಿಕೆಯಲ್ಲಿ ಕನಿಷ್ಠ 19. ಎಲ್ಲವೂ ಬಹು ಆಯ್ಕೆ. ಪೆನ್ಸಿಲಿನಿಂದ ವೃತ್ತ ತುಂಬುವುದು. ಒಂದು ಅಕ್ಷರ ಬರೆಯಬೇಕಾಗಿಲ್ಲ, ಒಂದು ಮಾತು ಆಡಬೇಕಾಗಿಲ್ಲ. ಜಪಾನಿನಲ್ಲಿ ಕೆಲಸಕ್ಕೆ ಹೋಗುವವರ ಅರ್ಜಿಯಲ್ಲಿ ಈ ಪ್ರಮಾಣಪತ್ರಕ್ಕೆ ಬೆಲೆಯಿದೆ, ಆದ್ದರಿಂದ ನಮ್ಮ ಸ್ವಂತ ಕಲಿಕೆಯೆಲ್ಲ ಅದರ ಸುತ್ತಲೇ ಬೆಳೆಯುತ್ತದೆ. ಜಪಾನಿಯನ್ನು ಮನೆಯಲ್ಲೇ ಓದಿದವರು ಕೇಳಿಸಿಕೊಂಡರೆ ತಿಳಿಯುವ, ಕೇಳಿದರೆ ಬಾಯಿ ಬಾರದ ಸ್ಥಿತಿಯಲ್ಲಿ ಎನ್4, ಎನ್3 ಎಂದು ಮೇಲೇರುತ್ತಾ ಹೋಗಬಹುದು.

ಇದು ಅವರ ಸೋಮಾರಿತನವೆಂದು ನಾನು ಒಪ್ಪುವುದಿಲ್ಲ. ಲಕ್ಷಾಂತರ ಜನರಿಗೆ ಒಂದೇ ದಿನ ಪರೀಕ್ಷೆ ನಡೆಸುವವರಿಗೆ ಪ್ರತಿಯೊಬ್ಬರನ್ನೂ ಮಾತನಾಡಿಸಲು ಆಗುವುದಿಲ್ಲ, ಅದೂ ಸರಿ. ನನ್ನ ತಕರಾರು ನಮ್ಮ ಹಮ್ಮಿನ ಬಗ್ಗೆ. ನಾವು ನಮ್ಮ ದಾರಿಯನ್ನು ನಾವೇ ಹಿಡಿದೆವು ಎಂದು ಬೀಗುತ್ತೇವೆ. ಆದರೆ ನನ್ನ ಗೆಳತಿ ಮಾತನಾಡಿದ್ದು ಅವಳ ಪರೀಕ್ಷೆ ಮಾತನಾಡಿಸುವುದರಿಂದ, ನಾನು ಸುಮ್ಮನಿದ್ದದ್ದು ನನ್ನ ಪರೀಕ್ಷೆ ಸುಮ್ಮನಿರಲು ಬಿಡುವುದರಿಂದ. ಇಬ್ಬರ ರೂಮೂ ಒಂದೇ, ಇಂಟರ್ನೆಟ್ ಒಂದೇ, ಸ್ವಭಾವದಲ್ಲಿ ನಾನೇ ಬಾಯಿಬಡುಕಿ. ಪ್ರಶ್ನೆಪತ್ರಿಕೆಯ ಆಕಾರ ಎಲ್ಲೋ ದೂರದಲ್ಲಿ ಕೂತು ನಮ್ಮ ಸಂಜೆಗಳನ್ನು ತೀರ್ಮಾನಿಸುತ್ತಿತ್ತು.

ಇದಕ್ಕೆ ಹೊರತಾಗಿದ್ದವಳು ಕೊರಿಯನ್ ಕಲಿಯುವವಳು. ಅವಳಿಗೆ ಪರೀಕ್ಷೆಯೇ ಬೇಕಿಲ್ಲ. ಬಟ್ಟೆ ಒಗೆಯುವಾಗ ಧಾರಾವಾಹಿಯ ಅತ್ತೆಯ ಹಾಗೆ ಗದರುತ್ತಾಳೆ, ಮೆಸ್ಸಿನ ಸರದಿಯಲ್ಲಿ ನಾಯಕಿಯ ಹಾಗೆ ಮುನಿಸಿಕೊಳ್ಳುತ್ತಾಳೆ, ಎಲ್ಲವೂ ಕೊರಿಯನ್‌ನಲ್ಲಿ. ವ್ಯಾಕರಣ ಕೇಳಿದರೆ ‘ಹಾಗೇ ಹೇಳುತ್ತಾರೆ’ ಎಂದುಬಿಡುತ್ತಾಳೆ. ಓದುವುದರಲ್ಲಿ ನಿಧಾನ, ಬರೆಯುವುದರಲ್ಲಿ ಇನ್ನೂ ನಿಧಾನ. ಆದರೆ ನಮ್ಮೆಲ್ಲರ ಪೈಕಿ ಭಾಷೆಯೊಂದು ಬಾಯಲ್ಲಿ ಮನೆ ಮಾಡಿರುವುದು ಅವಳಿಗೇ.

ತಿಂದು ನೋಡು

ಶಿರಸಿಯವಳನ್ನು ಬಿಟ್ಟು ಈ ಬರಹ ಮುಂದಕ್ಕೆ ಹೋಗುವುದಿಲ್ಲ. ಒಂದು ಭಾನುವಾರ ಬೆಳಿಗ್ಗೆ ಅವಲಕ್ಕಿ ತಟ್ಟೆ ಹಿಡಿದುಕೊಂಡು ನನ್ನ ಮಂಚದ ಮೇಲೆ ಬಂದು ಕೂತಳು. ನಾನು ‘ತೆ’ ರೂಪ ಎಂಬ ಅಧ್ಯಾಯದಲ್ಲಿ ಸಿಕ್ಕಿಕೊಂಡಿದ್ದೆ. ಪುಸ್ತಕ ಇಂಗ್ಲಿಷಿನದು. ಒಂದು ಕ್ರಿಯಾಪದದ ಬಾಲಕ್ಕೆ ಇನ್ನೊಂದು ಕ್ರಿಯಾಪದ ಸೇರಿದರೆ ಯಾವ ಯಾವ ಛಾಯೆ ಬರುತ್ತದೆ ಎಂದು ಪುಟಗಟ್ಟಲೆ ವಿವರಣೆ. ನಾನು ಒಂದೊಂದನ್ನೂ ಬೇರೆ ಬೇರೆ ಸೂತ್ರವೆಂದು ಬರೆದುಕೊಂಡು ಕಾರ್ಡು ಮಾಡುತ್ತಿದ್ದೆ. ಅವಳು ತಿನ್ನುತ್ತಾ, ‘ಇದೇನು?’ ಎಂದಳು. ‘ತಬೆತೆ ಮಿರು.’ ‘ತಬೆತೆ ಅಂದರೆ?’ ‘ತಿಂದು.’ ‘ಮಿರು ಅಂದರೆ?’ ‘ನೋಡು.’ ‘ತಿಂದು ನೋಡು. ಅದಕ್ಕೆ ಅರ್ಧ ಪುಟ ಯಾಕೆ?’

ನಾನು ಪುಸ್ತಕ ಕೆಳಗಿಟ್ಟೆ. ಇಂಗ್ಲಿಷಿನಲ್ಲಿ ಅದಕ್ಕೆ ‘ಮಾಡಲು ಪ್ರಯತ್ನಿಸು’ ಎಂಬರ್ಥದ ಶೀರ್ಷಿಕೆಯಿತ್ತು, ಅದರ ಕೆಳಗೆ ಇದು ಮಾಡಲು ಹೆಣಗುವ ಪ್ರಯತ್ನವಲ್ಲ, ಮಾಡಿ ನೋಡುವುದು ಎಂಬ ಎಚ್ಚರಿಕೆಯೂ ಇತ್ತು. ಕನ್ನಡದವರಿಗೆ ಆ ಎಚ್ಚರಿಕೆ ಬೇಕಾಗಿಯೇ ಇಲ್ಲ. ಮುಂದಿನದು ‘ತಬೆತೆ ಶಿಮತ್ತ’. ಕೆಲಸ ಪೂರ್ತಿಯಾಯಿತು ಎಂಬ ಅರ್ಥವೂ ಬರುತ್ತದೆ, ಅಯ್ಯೋ ಹೀಗಾಯಿತಲ್ಲ ಎಂಬ ಅರ್ಥವೂ ಬರುತ್ತದೆ ಎಂದೆ. ‘ತಿಂದುಬಿಟ್ಟೆ’ ಎಂದಳು, ಅವಲಕ್ಕಿಯ ಕೊನೆಯ ತುತ್ತು ನುಂಗುತ್ತಾ. ‘ಯೊಂದೆ ಕುರೆರು’ ಎಂದೆ. ಓದು, ನನಗೆ ಕೊಡು. ‘ಓದಿ ಕೊಡು.’ ‘ಕತ್ತೆ ಒಕು’ ಬಂದಾಗ ಮಾತ್ರ ಐದು ನಿಮಿಷ ಪಾಠ ನಿಂತಿತು, ಅವಳ ನಗು ನಿಲ್ಲಬೇಕಲ್ಲ. ಕೊಂಡು ಇಡು, ಮುಂದಕ್ಕೆ ಬೇಕಾಗುತ್ತದೆ ಎಂದು ಕೊಂಡಿಡು. ಕತ್ತೆಗೂ ಅದಕ್ಕೂ ಸಂಬಂಧವಿಲ್ಲ. ಆಮೇಲೆ ಅವಳೇ ಮುಂದೆ ಮುಂದೆ ಊಹಿಸತೊಡಗಿದಳು. ಜಪಾನಿನವರು ಮನೆಯಿಂದ ಹೊರಡುವಾಗ ‘ಇತ್ತೆಕಿಮಸು’ ಎನ್ನುತ್ತಾರೆ ಎಂದಾಗ ನಾನು ಅರ್ಥ ಹೇಳುವ ಮೊದಲೇ, ‘ಹೋಗಿ ಬರುತ್ತೇನೆ ಎನ್ನುವುದಿರಬೇಕು, ಬರೀ ಹೋಗುತ್ತೇನೆ ಎಂದು ಯಾರು ಹೇಳುತ್ತಾರೆ?’ ಎಂದಳು. ಅದೇ. ಹೋಗಿ, ಬರುತ್ತೇನೆ. ಒಂದು ಅಕ್ಷರ ಜಪಾನಿ ಬಾರದವಳು, ಇಂಗ್ಲಿಷ್ ದಾರಿಯಿಂದ ಬಳಸಿ ಬಳಸಿ ನಾನು ತಲುಪಿದ್ದ ಜಾಗಕ್ಕೆ ಮಂಚದ ಮೇಲೆ ಕೂತೇ ತಲುಪಿದ್ದಳು.

ಹೀಗೆಂದು ಎರಡು ಭಾಷೆಗಳಿಗೂ ನೆಂಟಸ್ತಿಕೆ ಕಟ್ಟುವುದು ಬೇಡ. ಸುಸುಮು ಓನೊ ಎಂಬ ಜಪಾನಿ ವಿದ್ವಾಂಸರು ತಮಿಳಿಗೂ ಜಪಾನಿಗೂ ಸಂಬಂಧವಿದೆ ಎಂದು ವಾದಿಸಿದ್ದರು. ಭಾಷಾಶಾಸ್ತ್ರಜ್ಞರಲ್ಲಿ ಹೆಚ್ಚಿನವರು ಒಪ್ಪಲಿಲ್ಲ. ಕ್ರಿಯಾಪದ ಕೊನೆಗೆ ಬರುವ, ವಿಭಕ್ತಿ ನಾಮಪದದ ಹಿಂದೆ ಅಂಟುವ ಭಾಷೆಗಳು ಲೋಕದಲ್ಲಿ ಬಹಳ ಇವೆ, ಅವುಗಳ ನಡುವೆ ಇಂಥ ಹೋಲಿಕೆ ಸಹಜ. ಕಾಂಜಿಯ ಕಷ್ಟ ಇದರಿಂದ ಎಳ್ಳಷ್ಟೂ ಕಡಿಮೆಯಾಗುವುದಿಲ್ಲ. ‘ವ’ ಮತ್ತು ‘ಗ’ ಎಂಬ ಎರಡು ಪ್ರತ್ಯಯಗಳ ವ್ಯತ್ಯಾಸ ಕನ್ನಡದ ಕಣ್ಣಿಗೂ ಸುಲಭವಾಗಿ ಸಿಗುವುದಿಲ್ಲ. ಆದರೆ ಜಪಾನಿಯಲ್ಲಿ ಉಚ್ಚಾರವನ್ನು ಬರೆಯುವ ಹಿರಗಾನ ಅಕ್ಷರಗಳ ಸಾಲು ಅ ಇ ಉ ಎ ಒ, ಆಮೇಲೆ ಕ ಸ ತ ನ ಎಂದು ನಮ್ಮ ವರ್ಣಮಾಲೆಯ ಜಾಡಿನಲ್ಲೇ ಸಾಗುವುದು ಮಾತ್ರ ಕಾಕತಾಳೀಯವಲ್ಲ. ಬೌದ್ಧ ಭಿಕ್ಷುಗಳ ಜೊತೆ ಹೋದ ಸಂಸ್ಕೃತದ ಅಕ್ಷರಶಾಸ್ತ್ರದ ಪ್ರಭಾವ ಅದು. ನಿನ್ನೆ ಕೊಂಡ ಪುಸ್ತಕ ಎಂಬುದನ್ನು ಇಂಗ್ಲಿಷ್ ‘ಪುಸ್ತಕ, ಯಾವುದನ್ನು ನಾನು ನಿನ್ನೆ ಕೊಂಡೆನೋ ಅದು’ ಎಂದು ಹಿಂದುಮುಂದಾಗಿಸುತ್ತದೆ. ಜಪಾನಿಯಲ್ಲಿ ‘ಕಿನೋ ಕತ್ತ ಹೊನ್’, ಪದಕ್ಕೆ ಪದ ನಮ್ಮದೇ ಸಾಲು. ಇದನ್ನು ನನಗೆ ಯಾವ ಆ್ಯಪೂ ಹೇಳಲಿಲ್ಲ. ಹೇಳುವುದಕ್ಕೆ ನಾನು ಕನ್ನಡದವಳೆಂದು ಅದಕ್ಕೆ ಗೊತ್ತಿರಬೇಕಲ್ಲ. ಅದರ ಪಾಲಿಗೆ ನಾನು ಇಂಗ್ಲಿಷ್ ಮೂಲಕ ಬಂದ ಒಬ್ಬ ಬಳಕೆದಾರಳು, ಅಷ್ಟೇ.

ಕನ್ನಡವನ್ನು ದೂರದಿಂದ ಬಂದು ಕಲಿತವರ ಮಾತು ಬಂದಾಗ ಎಲ್ಲರ ಬಾಯಲ್ಲೂ ಫರ್ಡಿನೆಂಡ್ ಕಿಟೆಲ್. ಬಾಸೆಲ್ ಮಿಷನ್ನಿನ ಪಾದ್ರಿಯಾಗಿ 1853ರಲ್ಲಿ ಬಂದು, 1894ರಲ್ಲಿ ಮಂಗಳೂರಿನಲ್ಲಿ ಅಚ್ಚಾದ ನಿಘಂಟನ್ನು ಕೊಟ್ಟ ಜರ್ಮನ್. ಅವರ ಶ್ರದ್ಧೆಯನ್ನು ಕೊಂಡಾಡುವ ಭರದಲ್ಲಿ ಅವರೊಬ್ಬರೇ ಕೂತು ಕಲಿತರೋ ಎಂಬಂತೆ ಮಾತನಾಡುತ್ತೇವೆ. ಧಾರವಾಡದಂಥ ಊರಿನಲ್ಲಿ ಅವರ ಸುತ್ತ ಪಂಡಿತರಿದ್ದರು, ಊರಿನವರಿದ್ದರು. ರೂಮಿನ ಗೆಳತಿ ಇದನ್ನು ಕೇಳಿ, ‘ಹಾಗಾದರೆ ಲೆಕ್ಕ ಸರಿಹೋಯಿತು, ನನಗೂ ಧಾರವಾಡದಷ್ಟು ದೊಡ್ಡ ಜರ್ಮನ್ ಊರೊಂದನ್ನು ತಂದುಕೊಡು’ ಎಂದಳು.

ಬಿಟ್ಟವನು ಮತ್ತು ಉಳಿದವರು

ಹಾಗಾದರೆ ತರಗತಿಗೇ ಹೋಗಬಹುದಲ್ಲ ಎಂದು ಕೇಳುವವರಿದ್ದಾರೆ. ಹೋಗಬಹುದು, ಬೆಂಗಳೂರಿನಲ್ಲಿದ್ದರೆ, ಶುಲ್ಕ ಕಟ್ಟುವ ಶಕ್ತಿಯಿದ್ದರೆ, ಪ್ರಯೋಗಾಲಯದ ಹೊತ್ತಿಗೂ ತರಗತಿಯ ಹೊತ್ತಿಗೂ ತಾಳೆಯಾದರೆ. ಹಳ್ಳಿಯಿಂದ ಬಂದು ಹಾಸ್ಟೆಲಿನಲ್ಲಿ ಇರುವವರಿಗೆ ಇವು ಸಣ್ಣ ‘ರೆ’ಗಳಲ್ಲ. ಉಚಿತ ಆ್ಯಪುಗಳನ್ನು ಹೀಗಳೆಯುವ ಸುಖ ತರಗತಿಯ ದುಡ್ಡು ಕಟ್ಟಿದವರಿಗೆ ಮಾತ್ರ ಇದೆ. ತರಗತಿಯಲ್ಲಿಯೂ ಮೂವತ್ತು ಜನರ ನಡುವೆ ಬಾಯಿ ಬಿಡದೆ ವರ್ಷ ಮುಗಿಸಿದವರನ್ನು ನಾನು ಬಲ್ಲೆ.

ಬೀದರಿನವನು ಫ್ರೆಂಚ್ ಬಿಟ್ಟ. ಕೆಲಸದ ಪರೀಕ್ಷೆಗಳಿಗೆ ಓದುವುದಿತ್ತು, ಬಿಟ್ಟ. ನಾವೆಲ್ಲ ಅಯ್ಯೋ ಎಂದೆವು, ಆದರೆ ಈಗ ಅನ್ನಿಸುವುದೇ ಬೇರೆ. ನಮ್ಮ ಗುಂಪಿನಲ್ಲಿ ಯಾರ ಮಾತೂ ಕೇಳದೆ, ಯಾವ ಪರೀಕ್ಷೆಗೂ ಹೊಂದಿಸಿಕೊಳ್ಳದೆ ಪೂರ್ತಿಯಾಗಿ ತನ್ನದೇ ತೀರ್ಮಾನ ಮಾಡಿದವನು ಅವನೊಬ್ಬನೇ. ಅವನು ಮನೆಯಲ್ಲಿ ಉರ್ದು, ಬೀದಿಯಲ್ಲಿ ಮರಾಠಿ, ಶಾಲೆಯಲ್ಲಿ ಕನ್ನಡ ಮಾತನಾಡಿ ಬೆಳೆದವನು. ‘ಅವುಗಳನ್ನೆಲ್ಲ ಹೇಗೆ ಕಲಿತೆ?’ ಎಂದರೆ, ‘ಅದನ್ನು ಯಾರು ಕಲಿತರು, ಆಡುವವರಿದ್ದರು’ ಎಂದು ಒಂದೇ ಮಾತಿನಲ್ಲಿ ಮುಗಿಸಿದ.

ಅವನ ಆ ಮಾತಿನ ಮೇಲೆಯೇ ಉಳಿದ ನಾವು ಒಂದು ಕಟ್ಟಳೆ ಮಾಡಿಕೊಂಡಿದ್ದೇವೆ. ತಿಂಗಳಿಗೊಮ್ಮೆ ಪ್ರತಿಯೊಬ್ಬರೂ ತಮ್ಮ ಪ್ರಶ್ನೆಪತ್ರಿಕೆಯನ್ನು ತಾವೇ ತಯಾರಿಸಿ ತರಬೇಕು. ಅದರಲ್ಲಿ ಇನ್ನೊಬ್ಬ ಮನುಷ್ಯರು ಇರಲೇಬೇಕು. ರೂಮಿನ ಗೆಳತಿ ತನ್ನ ಪ್ರಯೋಗವನ್ನು ಜರ್ಮನಿನಲ್ಲಿ ವಿವರಿಸುತ್ತಾಳೆ, ನಮ್ಮಲ್ಲೊಬ್ಬರು ‘ವರುಮ್’ ಎನ್ನುತ್ತಾರೆ. ಕೊಳ್ಳೇಗಾಲದವಳು ಧಾರಾವಾಹಿಯ ಒಂದು ಕಂತಿನ ಕಥೆಯನ್ನು ಬರೆದು ತರಬೇಕು. ಅವಳಿಗೆ ಬರೆಯುವುದು ಕಷ್ಟ ಎಂಬ ಕಾರಣಕ್ಕೇ. ನನ್ನದು ಮಾತು. ಐದು ನಿಮಿಷ ಜಪಾನಿಯಲ್ಲಿ ಮಾತನಾಡಿ ಧ್ವನಿಮುದ್ರಿಸಿ, ಭಾಷಾ ವಿನಿಮಯದ ತಾಣವೊಂದರಲ್ಲಿ ಪರಿಚಯವಾದ ಒಸಾಕಾದ ವಿದ್ಯಾರ್ಥಿನಿಗೆ ಕಳಿಸುತ್ತೇನೆ. ಅವಳಿಗೆ ಇಂಗ್ಲಿಷ್ ಬೇಕು, ನನಗೆ ಜಪಾನಿ. ಅಲ್ಲಿ ಗಡಿಯಾರ ನಮಗಿಂತ ಮೂರೂವರೆ ಗಂಟೆ ಮುಂದಿರುವುದರಿಂದ ಭಾನುವಾರ ಬೆಳಿಗ್ಗೆಯೇ ಕರೆ ಮಾಡಿ ಅದರ ಬಗ್ಗೆ ಮಾತನಾಡುತ್ತೇವೆ.

ಮೊದಲ ಕರೆಯಲ್ಲಿ ಅವಳು ಬಹಳ ಮೆಚ್ಚಿಕೊಂಡಳು, ಜಪಾನಿನವರ ಮರ್ಯಾದೆ. ಉಚ್ಚಾರ ಸ್ಪಷ್ಟವಾಗಿದೆ ಎಂದಳು. ಹ್ರಸ್ವ ದೀರ್ಘ, ಒತ್ತಕ್ಷರ ಎಲ್ಲ ಸರಿಯಾಗಿ ಬರುತ್ತಿದೆಯಂತೆ. ಚಿಕ್ಕಮ್ಮನ ವಯಸ್ಸಿನವರಿಗೆ ‘ಒಬಸಾನ್’, ಅಜ್ಜಿಗೆ ‘ಒಬಾಸಾನ್’ ಎಂದು ಬೇರೆ ಬೇರೆಯಾಗಿ ಹೇಳುವುದು ಕನ್ನಡದ ಬಾಯಿಗೆ ದೊಡ್ಡ ಸಾಹಸವಲ್ಲ ಎಂದು ಅವಳಿಗೆ ನಾನು ಹೇಳಲಿಲ್ಲ. ಆಮೇಲೆ ತಡೆದು ತಡೆದು ಒಂದು ಪ್ರಶ್ನೆ ಕೇಳಿದಳು. ನೀನು ಪ್ರತಿ ವಾಕ್ಯವನ್ನೂ ‘ವತಾಶಿ ವ’ ಎಂದು ಯಾಕೆ ಶುರು ಮಾಡುತ್ತೀಯ? ನಾನು ಎದ್ದೆ, ನಾನು ತಿಂದೆ, ನಾನು ಕಾಲೇಜಿಗೆ ಹೋದೆ. ತಪ್ಪಲ್ಲ, ಆದರೆ ಕೇಳುವವರಿಗೆ ನೀನು ನಿನ್ನನ್ನೇ ತೋರಿಸಿಕೊಳ್ಳುತ್ತಿರುವ ಹಾಗೆ ಅನ್ನಿಸುತ್ತದೆ. ಯಾರ ಮಾತೆಂದು ತಿಳಿದೇ ಇರುವಾಗ ನಾವು ಅದನ್ನು ಬಿಟ್ಟುಬಿಡುತ್ತೇವೆ. ನಿಮ್ಮ ಭಾಷೆಯಲ್ಲಿ ಹೇಳಲೇಬೇಕೇ?

ಹೇಳಬೇಕಾಗಿಲ್ಲ. ‘ಬೆಳಿಗ್ಗೆ ಎದ್ದೆ, ತಿಂಡಿ ತಿಂದೆ, ಕಾಲೇಜಿಗೆ ಹೋದೆ’ ಎಂದರೆ ಕನ್ನಡದಲ್ಲಿ ಯಾರೂ ‘ಯಾರು?’ ಎಂದು ಕೇಳುವುದಿಲ್ಲ. ಈ ‘ನಾನು’ ಇಂಗ್ಲಿಷ್ ಪುಸ್ತಕದ ಉದಾಹರಣೆಗಳಿಂದ ನನ್ನ ಜೊತೆ ಬಂದದ್ದು. ಆ್ಯಪಿನಲ್ಲಿ ಅದನ್ನು ಹಾಕಿದರೂ ಹಸಿರು ಗುರುತು, ಬಿಟ್ಟರೂ ಹಸಿರು ಗುರುತು. ಜೆಎಲ್‌ಪಿಟಿಯ ಯಾವ ವೃತ್ತದಲ್ಲೂ ಅದು ಸಿಕ್ಕಿಬೀಳುತ್ತಿರಲಿಲ್ಲ. ಈಗ ಕಳಿಸುವ ಧ್ವನಿಮುದ್ರಣಗಳಲ್ಲಿ ‘ವತಾಶಿ’ ಎಷ್ಟು ಬಂತೆಂದು ಅವಳು ಎಣಿಸಿ ಹೇಳುತ್ತಾಳೆ. ಪ್ರತಿಯಾಗಿ ನಾನು ಅವಳ ಇಂಗ್ಲಿಷಿನಲ್ಲಿ ಕಾಣೆಯಾದ ‘ಐ’ಗಳನ್ನು ಹುಡುಕಿ ಕೊಡುತ್ತೇನೆ.